ಕಣ್ಣಿನಲ್ಲಿ ಬೀಳುವ ಹೂವು: ಒಂದು ರೋಗದ ಚರಿತ್ರೆ

ಕನ್ನಡದಲ್ಲಿ 'ಹೂಗಣ್ಣು' ಎಂಬ ಮಾತಿದೆ. ಕಣ್ಣಿನ ಕಪ್ಪು ಭಾಗದ ಮೇಲೆ ಬಿಳಿಯ ಕಲೆ ಮೂಡಿ ದೃಷ್ಟಿ ಮಸುಕಾದಾಗ 'ಕಣ್ಣಲ್ಲಿ ಹೂ ಬಿದ್ದಿದೆ' ಎನ್ನುತ್ತೇವೆ. ಉರ್ದುವಿನಲ್ಲಿಯೂ ಇದಕ್ಕೆ 'ಫೂಲಾ' ಅಥವಾ 'ಫುಲ್ಲಿ' ಎಂದೇ ಹೆಸರು. ಎರಡು ಭಾಷೆಗಳ ಜನರೂ ಒಂದೇ ಕಲೆಯನ್ನು ಕಂಡು ಒಂದೇ ಹೂವನ್ನು ನೆನೆದಿದ್ದಾರೆ. ಹೆಸರು ಚೆಂದವಾಗಿದೆ, ಆದರೆ ಅದರ ಹಿಂದೆ ಇರುವುದು ಕುರುಡುತನ.

ಈ ಹೂವು ಬೀಳಲು ಹಲವು ಕಾರಣಗಳಿವೆ. ಹಿಂದೆ ಸಿಡುಬು ಬಂದು ಅನೇಕ ಮಕ್ಕಳ ಕಣ್ಣು ಹೋಗುತ್ತಿತ್ತು. 'ಎ' ಜೀವಸತ್ವದ ಕೊರತೆ, ಟ್ರಕೋಮಾ, ಸುಣ್ಣ ಸಿಡಿಯುವುದು ಮುಂತಾದವು ಇನ್ನಿತರ ಕಾರಣಗಳು. ಇವುಗಳ ಜೊತೆಗೆ ಇನ್ನೊಂದು ಶತ್ರುವಿದೆ. ಅದು ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರ. ಕಣ್ಣಿನಲ್ಲಿ ಬೂಷ್ಟು ಬೆಳೆಯುತ್ತದೆ ಎಂದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ವೈದ್ಯಲೋಕವೂ ಇದನ್ನು ಅರಿತದ್ದು ಬಹಳ ತಡವಾಗಿ. ಆ ಅರಿವಿನ ಚರಿತ್ರೆಯನ್ನು ಈ ಲೇಖನದಲ್ಲಿ ನೋಡೋಣ. ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುವವರು ಹೊಲದಲ್ಲಿ ದುಡಿಯುವ ನಮ್ಮ ನಿಮ್ಮ ಮನೆಯವರೇ ಆದ್ದರಿಂದ ಇದು ಕೇವಲ ಚರಿತ್ರೆಯ ವಿಷಯವಲ್ಲ.

ಕೊಂಬಿನ ಹೆಸರಿನ ಪಟಲ

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಇದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇದರಲ್ಲಿ ರಕ್ತನಾಳಗಳಿಲ್ಲ. ರಕ್ತನಾಳಗಳಿದ್ದರೆ ಬೆಳಕು ಸರಾಗವಾಗಿ ಒಳಗೆ ಹೋಗುತ್ತಿರಲಿಲ್ಲ. ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಆದರೆ ಈ ಅನುಕೂಲದಲ್ಲೇ ಒಂದು ಅಪಾಯವೂ ಇದೆ. ರೋಗಾಣು ಒಳಹೊಕ್ಕರೆ ಅದರೊಡನೆ ಹೋರಾಡುವ ರಕ್ತಕಣಗಳು ಬೇರೆ ಅಂಗಗಳಿಗೆ ಬಂದಷ್ಟು ಬೇಗ ಇಲ್ಲಿಗೆ ಬರಲಾರವು.

ಇದರ ಹೆಸರಿಗೂ ಒಂದು ಕಥೆಯಿದೆ. ಅರಬ್ಬಿಯಲ್ಲಿ ಇದು 'ಕರ್ನಿಯಾ', ಉರ್ದುವಿನಲ್ಲಿಯೂ ಅದೇ. 'ಕರ್ನ್' ಎಂದರೆ ಕೊಂಬು. ಲ್ಯಾಟಿನ್ ಭಾಷೆಯ 'ಕಾರ್ನಿಯಾ'ದ ಮೂಲವಾದ 'ಕಾರ್ನು' ಎಂದರೂ ಕೊಂಬು. ಗ್ರೀಕರ 'ಕೆರಾಸ್' ಎಂಬುದೂ ಕೊಂಬೇ. ಕೊಂಬನ್ನು ತೆಳುವಾಗಿ ಸೀಳಿದರೆ ಬೆಳಕು ಹಾಯುವ ಹಾಳೆ ಸಿಗುತ್ತದೆ. ಆ ಹೋಲಿಕೆಯಿಂದ ಗ್ರೀಕರು ಹೆಸರಿಟ್ಟರು, ಅರಬರು ತಮ್ಮ ಭಾಷೆಗೆ ತಂದರು, ಯುರೋಪಿನವರು ಲ್ಯಾಟಿನ್‌ಗೆ ಒಯ್ದರು.

ಈ ಜ್ಞಾನಯಾತ್ರೆಯಲ್ಲಿ ಬಾಗ್ದಾದ್ ಒಂದು ಮುಖ್ಯ ನಿಲ್ದಾಣ. 9ನೇ ಶತಮಾನದಲ್ಲಿ ಅಲ್ಲಿ ಬಾಳಿದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ ಧರ್ಮೀಯರು. ಅಬ್ಬಾಸಿ ಖಲೀಫರ ಆಶ್ರಯದಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅರಬ್ಬಿಗೆ ತಂದ ಮಹಾನ್ ಅನುವಾದಕರು. ಕಣ್ಣಿನ ಬಗ್ಗೆ ಅವರು ಬರೆದ ಹತ್ತು ಪ್ರಬಂಧಗಳು ನೇತ್ರವೈದ್ಯದ ಅತಿ ಹಳೆಯ ವ್ಯವಸ್ಥಿತ ಪಠ್ಯಪುಸ್ತಕಗಳಲ್ಲಿ ಒಂದೆಂದು ಗಣಿಸಲ್ಪಟ್ಟಿವೆ. ಮುಂದೆ ಅದೇ ನಗರದಲ್ಲಿ ಅಲಿ ಇಬ್ನ್ ಈಸಾ 'ತಝ್‌ಕಿರತುಲ್ ಕಹ್ಹಾಲೀನ್' ಎಂಬ ಗ್ರಂಥ ಬರೆದರು. 'ಕಹ್ಹಾಲ್' ಎಂದರೆ ಕಣ್ಣಿನ ವೈದ್ಯ, ಈ ಪದ ಬಂದದ್ದು 'ಕುಹ್ಲ್' ಅಂದರೆ ಸುರ್ಮಾ ಎಂಬ ಪದದಿಂದ. ಜರ್ಮನಿಯ ನೇತ್ರವೈದ್ಯ ಜೂಲಿಯಸ್ ಹಿರ್ಷ್‌ಬರ್ಗ್ ಈ ಗ್ರಂಥದ ಜರ್ಮನ್ ಅನುವಾದವನ್ನು ಇನ್ನೊಬ್ಬ ವಿದ್ವಾಂಸರೊಡನೆ ಸೇರಿ 1904ರಲ್ಲಿ ಹೊರತಂದರು.

ಈ ಗ್ರಂಥಗಳಲ್ಲಿ ಕಾರ್ನಿಯಾದ ಹುಣ್ಣುಗಳ ವರ್ಣನೆ ಇದೆ. ಆದರೆ ಹುಣ್ಣು ಯಾವ ಜೀವಿಯಿಂದ ಆಯಿತೆಂಬುದು ಅವರಿಗೆ ತಿಳಿಯುವಂತಿರಲಿಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿಗೆ ಕಂಡದ್ದನ್ನು ಅವರು ಪ್ರಾಮಾಣಿಕವಾಗಿ ಬರೆದಿಟ್ಟರು. ಕಾಣದ ಶತ್ರುವನ್ನು ಹಿಡಿಯಲು ಇನ್ನೂ ಅನೇಕ ಶತಮಾನಗಳು ಬೇಕಾದವು.

ಓಟ್ಸ್ ಹೊಟ್ಟು ಮತ್ತು 1879ರ ವರದಿ

1729ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಪಾದ್ರಿ ಹಾಗೂ ಸಸ್ಯಶಾಸ್ತ್ರಜ್ಞ ಪಿಯೆರ್ ಆಂಟೋನಿಯೊ ಮಿಕೇಲಿ ಸೂಕ್ಷ್ಮದರ್ಶಕದಲ್ಲಿ ಒಂದು ಬೂಷ್ಟನ್ನು ನೋಡಿದರು. ಅದರ ಆಕಾರ ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದಂತೆ ಕಂಡದ್ದರಿಂದ ಅದಕ್ಕೆ ಆಸ್ಪರ್ಜಿಲಸ್ ಎಂದು ಹೆಸರಿಟ್ಟರು. 1809ರಲ್ಲಿ ಜರ್ಮನಿಯ ಲಿಂಕ್ ಎಂಬ ವಿಜ್ಞಾನಿ ಇನ್ನೊಂದು ಶಿಲೀಂಧ್ರಕ್ಕೆ ಫ್ಯುಸೇರಿಯಂ ಎಂದು ಹೆಸರಿಟ್ಟರು. ಅದರ ಬೀಜಕಣಗಳು ನೂಲುವ ಕದಿರಿನ ಆಕಾರದಲ್ಲಿವೆ. ಲ್ಯಾಟಿನ್‌ನಲ್ಲಿ 'ಫ್ಯೂಸಸ್' ಎಂದರೆ ಕದಿರು. ಈ ಎರಡು ಹೆಸರುಗಳನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು. ಕಣ್ಣಿನ ಶಿಲೀಂಧ್ರ ರೋಗದ ಪ್ರಮುಖ ಕಾರಣಗಳು ಇವೇ.

ಫ್ಯುಸೇರಿಯಂ ನಮ್ಮ ರೈತರಿಗೆ ಅಪರಿಚಿತವಲ್ಲ. ಕಲಬುರಗಿ ಕಡೆಯ ತೊಗರಿ ಹೊಲಗಳಲ್ಲಿ ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಒಣಗುವ ನೆಟೆ ರೋಗಕ್ಕೆ ಇದರದೇ ಒಂದು ಪ್ರಭೇದ ಕಾರಣ. ಬಾಳೆಯ ಪನಾಮಾ ಸೊರಗು ರೋಗಕ್ಕೂ ಇನ್ನೊಂದು ಪ್ರಭೇದ ಕಾರಣ. ಕಣ್ಣಿಗೆ ತಗಲುವ ಪ್ರಭೇದಗಳು ಸಾಮಾನ್ಯವಾಗಿ ಬೇರೆಯವು, ಆದರೆ ಮನೆತನ ಒಂದೇ, ವಾಸಸ್ಥಾನವೂ ಒಂದೇ. ಮಣ್ಣು, ಕೊಳೆಯುವ ಎಲೆ, ಒಣಗಿದ ದಂಟು ಇವೇ ಅವುಗಳ ಮನೆ.

ಈ ಬೂಷ್ಟು ಮನುಷ್ಯನ ಕಾರ್ನಿಯಾದಲ್ಲಿಯೂ ಬೆಳೆಯಬಲ್ಲದು ಎಂದು ಮೊದಲು ವರದಿ ಮಾಡಿದವರು ಜರ್ಮನಿಯ ಥಿಯೊಡೋರ್ ಲೇಬರ್. ಆಗ ಅವರು ಗಟ್ಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಬಳಿಗೆ ಬಂದ ರೋಗಿ ಒಬ್ಬ ಕೃಷಿಕ. ಒಕ್ಕಣೆ ಯಂತ್ರದಿಂದ ಹಾರಿದ ಓಟ್ಸ್ ಧಾನ್ಯದ ಹೊಟ್ಟು ಅವನ ಕಣ್ಣಿಗೆ ಬಡಿದಿತ್ತು. ನಂತರ ಕಣ್ಣು ಹುಣ್ಣಾಗಿ ಒಳಗೆ ಕೀವು ತುಂಬಿತು. ಲೇಬರ್ ಅದನ್ನು ಪರೀಕ್ಷಿಸಿದಾಗ ಕಂಡದ್ದು ಆಸ್ಪರ್ಜಿಲಸ್ ಶಿಲೀಂಧ್ರದ ಎಳೆಗಳು. ಅವರ ವರದಿ 1879ರಲ್ಲಿ ಪ್ರಕಟವಾಯಿತು.

ಈ ವರದಿಯಲ್ಲಿ ರೋಗದ ಇಡೀ ಸ್ವಭಾವ ಅಡಗಿದೆ. ರೋಗಿ ಕೃಷಿಕ, ಕಾಲ ಒಕ್ಕಣೆಯ ಕಾಲ, ಗಾಯ ಮಾಡಿದ್ದು ಹೊಟ್ಟು. ಯಂತ್ರವನ್ನು ಬಿಟ್ಟು ನಮ್ಮ ಕಣವನ್ನು ಇಟ್ಟುಕೊಳ್ಳಿ, ಓಟ್ಸ್ ಬದಲು ಭತ್ತ, ರಾಗಿ ಅಥವಾ ಜೋಳ ಇಟ್ಟುಕೊಳ್ಳಿ. ಕಥೆ ಬದಲಾಗುವುದಿಲ್ಲ. ಭತ್ತದ ಸುಂಕು, ಕಬ್ಬಿನ ಗರಿ, ಮುಳ್ಳಿನ ಕಡ್ಡಿ, ಹಾಲು ಕರೆಯುವಾಗ ಬೀಸಿದ ಹಸುವಿನ ಬಾಲ, ಇವೆಲ್ಲ ದಕ್ಷಿಣ ಭಾರತದ ಕಣ್ಣಿನ ಆಸ್ಪತ್ರೆಗಳ ವೈದ್ಯರು ಪದೇ ಪದೇ ಕೇಳುವ ಕಾರಣಗಳು. ಕಾರ್ನಿಯಾದ ಹೊರಪದರ ಗಟ್ಟಿಯಾಗಿರುವಾಗ ಶಿಲೀಂಧ್ರ ಒಳಗೆ ಹೋಗಲಾರದು. ಅಲ್ಲಿ ಒಂದು ಸಣ್ಣ ಗೀರು ಬಿದ್ದರೆ ಸಾಕು, ಬಾಗಿಲು ತೆರೆದಂತೆ.

ಮದ್ದಿಲ್ಲದ ಎಪ್ಪತ್ತು ವರ್ಷ

ಶತ್ರು ಯಾರೆಂದು ತಿಳಿದ ಮೇಲೂ ಸುಮಾರು ಎಪ್ಪತ್ತು ವರ್ಷ ಸರಿಯಾದ ಆಯುಧ ಸಿಗಲಿಲ್ಲ. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. ಅದು ದೊರೆತದ್ದೇ ಒಂದು ಬೂಷ್ಟಿನಿಂದ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆ ಔಷಧ ಶಿಲೀಂಧ್ರಕ್ಕೆ ಏನೂ ಮಾಡುವುದಿಲ್ಲ.

1940ರ ದಶಕದ ಕೊನೆಯಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಬಳಕೆಗೆ ಬಂತು. ಅದರ ಸಂಶೋಧನೆಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಊತ, ಕೆಂಪು, ನೋವುಗಳನ್ನು ಅದು ಬೇಗ ತಗ್ಗಿಸುತ್ತಿದ್ದುದರಿಂದ ಕಣ್ಣಿನ ಹನಿಗಳ ರೂಪದಲ್ಲಿಯೂ ಜನಪ್ರಿಯವಾಯಿತು. ಆದರೆ ಊತ ಎಂಬುದು ದೇಹವು ರೋಗಾಣುವಿನೊಡನೆ ನಡೆಸುವ ಯುದ್ಧದ ಗುರುತು. ಸ್ಟೀರಾಯ್ಡ್ ಆ ಯುದ್ಧವನ್ನು ನಿಲ್ಲಿಸುತ್ತದೆ, ಶತ್ರುವನ್ನು ಕೊಲ್ಲುವುದಿಲ್ಲ. ಕಣ್ಣು ಒಂದೆರಡು ದಿನ ತಿಳಿಯಾದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ನಿರಾತಂಕವಾಗಿ ಬೇರೂರುತ್ತದೆ. 1950ರ ದಶಕದಿಂದ ಕಾರ್ನಿಯಾದ ಶಿಲೀಂಧ್ರ ರೋಗದ ವರದಿಗಳು ಹೆಚ್ಚಾದಾಗ ಅನೇಕ ವೈದ್ಯರು ಸ್ಟೀರಾಯ್ಡ್ ಹನಿಗಳ ಕಡೆಗೆ ಬೆರಳು ತೋರಿಸಿದರು. ಈ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ. ಮೆಡಿಕಲ್ ಶಾಪಿನಲ್ಲಿ 'ಕಣ್ಣು ಕೆಂಪಾಗಿದೆ, ಏನಾದರೂ ಡ್ರಾಪ್ಸ್ ಕೊಡಿ' ಎಂದು ಕೇಳುವವರು ಎಷ್ಟೋ ಜನ. ಅವರ ಕೈಗೆ ಬರುವ ಬಾಟಲಿಯಲ್ಲಿ ಸ್ಟೀರಾಯ್ಡ್ ಇರಬಹುದು.

ಮಣ್ಣಿನ ರೋಗಕ್ಕೆ ಮಣ್ಣಿನ ಮದ್ದು

ಮದ್ದು ಕೊನೆಗೆ ಮಣ್ಣಿನಿಂದಲೇ ಬಂತು. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದರು. ವರ್ಜೀನಿಯಾದ ಒಂದು ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅವರು ಶಿಲೀಂಧ್ರನಾಶಕವೊಂದನ್ನು ಪಡೆದು 1950ರಲ್ಲಿ ಜಗತ್ತಿಗೆ ತಿಳಿಸಿದರು. ತಮ್ಮ ರಾಜ್ಯದ ನೆನಪಿಗೆ ನಿಸ್ಟಾಟಿನ್ ಎಂದು ಹೆಸರಿಟ್ಟರು. ಅದರಿಂದ ಬಂದ ಕೋಟ್ಯಂತರ ಹಣವನ್ನು ತಮಗಾಗಿ ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೆ ಕೊಟ್ಟುಬಿಟ್ಟರು. ನಮ್ಮ ವಿದ್ಯಾರ್ಥಿನಿಯರು ಈ ಇಬ್ಬರ ಜೀವನಚರಿತ್ರೆಯನ್ನು ಹುಡುಕಿ ಓದಬೇಕು.

ಕಣ್ಣಿಗೆ ಹೆಚ್ಚು ಉಪಕಾರವಾದದ್ದು ಇದೇ ಕುಟುಂಬದ ಇನ್ನೊಂದು ಔಷಧದಿಂದ. 1955ರಲ್ಲಿ ಹಾಲೆಂಡಿನ ವಿಜ್ಞಾನಿಗಳು ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಪೀಟರ್‌ಮರಿಟ್ಜ್‌ಬರ್ಗ್ ಪಟ್ಟಣದ ಬಳಿಯ ಮಣ್ಣಿನಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಇದೇ ಪಟ್ಟಣದ ರೈಲು ನಿಲ್ದಾಣದಲ್ಲಿ 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರಗೆ ತಳ್ಳಿದ್ದರು. ಆ ಜೀವಿ ಉತ್ಪಾದಿಸುವ ಔಷಧವೇ ನಟಾಮೈಸಿನ್. ನಟಾಲ್‌ನ ಹೆಸರು ಅದರಲ್ಲಿ ಉಳಿದಿದೆ. ಗಿಣ್ಣಿಗೆ ಬೂಷ್ಟು ಹಿಡಿಯದಂತೆ ಅದನ್ನು ಯುರೋಪಿನಲ್ಲಿ ಮೇಲ್ಮೈಗೆ ಸವರುವುದೂ ಉಂಟು. 1978ರಲ್ಲಿ ಅಮೆರಿಕ ಸರ್ಕಾರ ಅದನ್ನು ಕಣ್ಣಿನ ಔಷಧವಾಗಿ ಒಪ್ಪಿತು.

ಆದರೂ ಚಿಕಿತ್ಸೆ ಸುಲಭವಲ್ಲ. ನಟಾಮೈಸಿನ್ ಕಾರ್ನಿಯಾದ ಆಳಕ್ಕೆ ಚೆನ್ನಾಗಿ ಇಳಿಯುವುದಿಲ್ಲ. ಶಿಲೀಂಧ್ರದ ಎಳೆಗಳಾದರೋ ಬೇರಿನಂತೆ ಆಳಕ್ಕೆ ಇಳಿಯುತ್ತವೆ. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹನಿ ಹಾಕಬೇಕು, ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ದಿನಗೂಲಿಯವರಿಗೆ ಇದು ಎಂಥ ಕಷ್ಟವೆಂದು ಹೇಳಬೇಕಾಗಿಲ್ಲ. ಬೇಗ ಬಂದವರ ಕಣ್ಣು ಉಳಿಯುವ ಸಾಧ್ಯತೆ ಹೆಚ್ಚು, ತಡವಾಗಿ ಬಂದವರದು ಕಡಿಮೆ.

ಮದುರೈ ಕಲಿಸಿದ ಪಾಠ

ಈ ರೋಗದ ಚರಿತ್ರೆಯಲ್ಲಿ ನೆರೆಯ ತಮಿಳುನಾಡಿಗೆ ದೊಡ್ಡ ಸ್ಥಾನವಿದೆ. 1976ರಲ್ಲಿ ಡಾ. ಗೋವಿಂದಪ್ಪ ವೆಂಕಟಸ್ವಾಮಿ ಮದುರೈಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದರು. 1994ರ ಮೊದಲ ಮೂರು ತಿಂಗಳಲ್ಲಿ ಅಲ್ಲಿಗೆ ಕಾರ್ನಿಯಾದ ನಡುಭಾಗದ ಹುಣ್ಣಿನಿಂದ ಬಂದ 434 ರೋಗಿಗಳನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 284 ಮಂದಿಗೆ ಮೊದಲು ಕಣ್ಣಿಗೆ ಗಾಯವಾಗಿತ್ತು. ರೋಗಾಣು ಬೆಳೆಸಿ ಗುರುತಿಸಲು ಸಾಧ್ಯವಾದ 297 ಮಂದಿಯಲ್ಲಿ 140 ಜನರಿಗೆ ಬ್ಯಾಕ್ಟೀರಿಯಾ, 139 ಜನರಿಗೆ ಶಿಲೀಂಧ್ರ ಕಾರಣವಾಗಿತ್ತು. ಅಂದರೆ ಎರಡೂ ಸರಿಸಮ. ಶಿಲೀಂಧ್ರಗಳಲ್ಲಿ ಫ್ಯುಸೇರಿಯಂ ಮೊದಲನೆಯದು, ಆಸ್ಪರ್ಜಿಲಸ್ ಎರಡನೆಯದು. ಚಳಿ ಪ್ರದೇಶದ ದೇಶಗಳಲ್ಲಿ ಶಿಲೀಂಧ್ರದ ಪಾಲು ಇಷ್ಟು ದೊಡ್ಡದಲ್ಲ. ಬಿಸಿಲು, ತೇವ, ಬೇಸಾಯ ಸೇರಿದ ಕಡೆ ಈ ರೋಗ ಹೆಚ್ಚು. ಹೀಗಾಗಿ ಅಲ್ಲಿನ ಪುಸ್ತಕ ಓದಿ ಇಲ್ಲಿನ ಕಣ್ಣಿಗೆ ಮದ್ದು ಕೊಡುವುದು ಸಾಲದು ಎಂಬುದು ಸ್ಪಷ್ಟವಾಯಿತು.

ಪತ್ತೆ ಮಾಡುವ ವಿಧಾನ ಮಾತ್ರ ಸರಳ. ಹುಣ್ಣಿನಿಂದ ತುಸು ಕೆರೆದು ತೆಗೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನೀವು ಈರುಳ್ಳಿ ಸಿಪ್ಪೆ ನೋಡುವ ಉಪಕರಣವೇ ಇಲ್ಲಿ ಒಂದು ಕಣ್ಣನ್ನು ಉಳಿಸಬಲ್ಲದು.

2002ರಲ್ಲಿ ವೊರಿಕೊನಜೋಲ್ ಎಂಬ ಹೊಸ ಔಷಧ ಬಂತು. ಅದು ಕಣ್ಣಿನೊಳಕ್ಕೆ ಚೆನ್ನಾಗಿ ಇಳಿಯುವುದರಿಂದ ಹಳೆಯದಕ್ಕಿಂತ ಮೇಲೆಂದು ಹಲವರು ನಂಬಿದ್ದರು. ಅರವಿಂದ ಸಮೂಹದ ಆಸ್ಪತ್ರೆಗಳೂ ಅಮೆರಿಕದ ಸಂಶೋಧಕರೂ ಸೇರಿ 323 ರೋಗಿಗಳಲ್ಲಿ ಎರಡನ್ನೂ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿತ್ತು. ಹಳೆಯ ನಟಾಮೈಸಿನ್ ಗೆದ್ದಿತ್ತು, ಅದರಲ್ಲೂ ಫ್ಯುಸೇರಿಯಂ ರೋಗಿಗಳಲ್ಲಿ ವ್ಯತ್ಯಾಸ ದೊಡ್ಡದಾಗಿತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ನಟಾಮೈಸಿನ್ ಹನಿಯನ್ನು ಸೇರಿಸಿತು. ಹೊಸದೆಲ್ಲ ಉತ್ತಮ ಎಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ರೋಗ ಹಳ್ಳಿಗಷ್ಟೇ ಸೀಮಿತವೂ ಅಲ್ಲ. 2005-06ರಲ್ಲಿ ಸಿಂಗಪುರ, ಹಾಂಗ್‌ಕಾಂಗ್ ಮತ್ತು ಅಮೆರಿಕದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರಲ್ಲಿ ಫ್ಯುಸೇರಿಯಂ ರೋಗ ಕಾಣಿಸಿಕೊಂಡಿತು. ಅಮೆರಿಕದಲ್ಲಿಯೇ 164 ಪ್ರಕರಣಗಳು ಖಚಿತವಾದವು. ಲೆನ್ಸ್ ತೊಳೆಯುವ ಒಂದು ದ್ರಾವಣದ ಕಡೆಗೆ ತನಿಖೆ ಬೊಟ್ಟು ಮಾಡಿ, 2006ರಲ್ಲಿ ಅದನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಕಾಲೇಜಿಗೆ ಹೋಗುವ ಮಕ್ಕಳು ಲೆನ್ಸ್ ಬಳಸುವುದಾದರೆ ಸ್ವಚ್ಛತೆಯ ನಿಯಮಗಳನ್ನು ಮೀರಬಾರದು, ನಲ್ಲಿ ನೀರಿನಲ್ಲಿ ತೊಳೆಯಬಾರದು.

ನೇಪಾಳದ ಹಳ್ಳಿಗಳಲ್ಲಿ

ಹುಣ್ಣಾದ ಮೇಲೆ ಚಿಕಿತ್ಸೆ ಇಷ್ಟು ಕಷ್ಟವಾದರೆ, ಹುಣ್ಣಾಗದಂತೆ ತಡೆಯಬಹುದೇ? ನೇಪಾಳದ ಭಕ್ತಪುರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಣ್ಣಿಗೆ ಗೀರು ಬಿದ್ದವರಿಗೆ ದಿನಕ್ಕೆ ಮೂರು ಸಲದಂತೆ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಸಿದರು. ಎರಡು ವರ್ಷಗಳಲ್ಲಿ ಹೀಗೆ ಚಿಕಿತ್ಸೆ ಪಡೆದ 442 ಮಂದಿಯಲ್ಲಿ 424 ಮಂದಿಯ ಗಾಯ ಸೋಂಕಿಲ್ಲದೆ ಮಾಯಿತು. ಗಾಯವಾದ 18 ಗಂಟೆಯೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಈ ವರದಿ 2001ರಲ್ಲಿ ಪ್ರಕಟವಾಯಿತು. ಮುಂದೆ ನೇಪಾಳದಲ್ಲಿಯೇ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾರ್ಯಕರ್ತರಿದ್ದ ಮತ್ತು ಇಲ್ಲದ ಪ್ರದೇಶಗಳ ನಡುವೆ ಹುಣ್ಣಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ತೋರುವುದಿಷ್ಟು: ಊರಿನಲ್ಲಿ ಮುಲಾಮು ಇದ್ದರೆ ಸಾಲದು, ಗಾಯವಾದವರು ಅದೇ ದಿನ ಬರಬೇಕು. 'ಏನೋ ಧೂಳು ಬಿದ್ದಿದೆ, ನಾಳೆ ಹೋಗುತ್ತದೆ' ಎಂಬ ಮಾತು ಮನೆಗಳಿಂದ ಹೋಗಬೇಕು.

ಕಣ್ಣು ಕೊಟ್ಟವರು

ಮದ್ದಿಗೂ ಮೀರಿದಾಗ ಉಳಿಯುವ ದಾರಿ ಕಾರ್ನಿಯಾ ಕಸಿ. 1905ರ ಡಿಸೆಂಬರ್ 7ರಂದು ಇಂದಿನ ಚೆಕ್ ದೇಶದ ಓಲೊಮೌಟ್ಸ್ ಪಟ್ಟಣದಲ್ಲಿ ಡಾ. ಎಡ್ವರ್ಡ್ ಜಿರ್ಮ್ ಮೊದಲ ಯಶಸ್ವಿ ಕಸಿ ಮಾಡಿದರು. ರೋಗಿ ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರ. ಮೃತರ ಕಾರ್ನಿಯಾವನ್ನು ಬಳಸುವ ಪದ್ಧತಿ 1930ರ ದಶಕದಲ್ಲಿ ಒಡೆಸ್ಸಾದ ಫಿಲಾಟೊವ್ ಅವರಿಂದ ಬೆಳೆಯಿತು.

1961ರಲ್ಲಿ ಶ್ರೀಲಂಕಾದ ಡಾ. ಹಡ್ಸನ್ ಸಿಲ್ವಾ ನೇತ್ರದಾನ ಸಂಘವನ್ನು ಸ್ಥಾಪಿಸಿದರು. ಆ ಪುಟ್ಟ ದೇಶದಿಂದ ಅನೇಕ ರಾಷ್ಟ್ರಗಳಿಗೆ ಕಾರ್ನಿಯಾಗಳು ಹೋದವು. ಅತಿ ಹೆಚ್ಚು ಪಡೆದ ದೇಶ ಪಾಕಿಸ್ತಾನ. ಬೌದ್ಧರು ಕೊಟ್ಟ ಕಣ್ಣಿನಿಂದ ಸಾವಿರಾರು ಮುಸಲ್ಮಾನರು ಮತ್ತೆ ಕುರ್‌ಆನ್ ಓದುವಂತಾದರು. ನಮ್ಮ ಕರ್ನಾಟಕದಲ್ಲಿ 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಅವರ ಮಗ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. ಪುನೀತ್ ಅವರ ಎರಡು ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು.

ಮರಣಾನಂತರ ಅಂಗದಾನದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. 1988ರಲ್ಲಿ ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅದನ್ನು ಅನುಮತಿಸಿತು. ಭಾರತದ ಹಲವು ಹಿರಿಯ ಉಲಮಾಗಳು ಅದನ್ನು ಒಪ್ಪಿಲ್ಲ. ತೀರ್ಪು ಹೇಳುವುದು ಶಾಲಾ ಮಾಸ್ತರರ ಕೆಲಸವಲ್ಲ. ಆದರೆ ಪಡೆಯುವ ಸಾಲಿನಲ್ಲಿ ನಿಲ್ಲುವ ಸಮುದಾಯ ಕೊಡುವ ವಿಷಯವನ್ನು ಚರ್ಚಿಸದೆ ಇರುವುದು ಸರಿಯಲ್ಲ. ಸಂಘದ ಹಿರಿಯರು ಉಲಮಾಗಳನ್ನೂ ವೈದ್ಯರನ್ನೂ ಒಂದೇ ವೇದಿಕೆಗೆ ಕರೆದು ಈ ಬಗ್ಗೆ ಮಾತನಾಡಿಸಬೇಕೆಂಬುದು ನನ್ನ ವಿನಂತಿ.

ನಾವು ಮಾಡಬಹುದಾದದ್ದು

ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಈ ರೋಗ ಬರುತ್ತದೆಂದು 2021ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹೆಚ್ಚಿನವರು ಏಷ್ಯಾ ಮತ್ತು ಆಫ್ರಿಕಾದವರು. ಅವರಲ್ಲಿ ಬಹುಮಂದಿ ದುಡಿಯುವ ವಯಸ್ಸಿನವರು. ಮನೆ ನಡೆಸುವವರ ಕಣ್ಣು ಹೋದರೆ ಮೊದಲು ನಿಲ್ಲುವುದು ಮಕ್ಕಳ ಓದು. ಅದಕ್ಕಾಗಿಯೇ ಶಿಕ್ಷಣ ಸಂಘದ ಸಂಚಿಕೆಯಲ್ಲಿ ಈ ವಿಷಯ ಬರೆಯಬೇಕೆನಿಸಿತು.

ಪ್ರಿಯ ವಿದ್ಯಾರ್ಥಿಗಳೇ, ಈ ಕೆಲವು ಮಾತುಗಳನ್ನು ಮನೆಯಲ್ಲಿ ಹೇಳಿ. ಒಕ್ಕುವಾಗ, ತೂರುವಾಗ, ಕಬ್ಬು ಕಡಿಯುವಾಗ ಸಾದಾ ಕನ್ನಡಕವನ್ನಾದರೂ ಹಾಕಿಕೊಳ್ಳಲಿ. ಕಣ್ಣಿಗೆ ಏನಾದರೂ ಬಡಿದರೆ ಉಜ್ಜಬಾರದು, ಶುದ್ಧ ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆ ಹಾಕಬಾರದು. ನಾಲಿಗೆಯಿಂದ ಕಸ ತೆಗೆಸಬಾರದು. ಗಾಯವಾದ ಕಣ್ಣಿಗೆ ಸುರ್ಮಾ ಹಚ್ಚಬಾರದು. ವೈದ್ಯರ ಚೀಟಿಯಿಲ್ಲದೆ ಡ್ರಾಪ್ಸ್ ಕೊಳ್ಳಬಾರದು. ನೋವು, ಕೆಂಪು, ಬಿಳಿ ಚುಕ್ಕೆ ಇವುಗಳಲ್ಲಿ ಯಾವುದು ಕಂಡರೂ ಕಣ್ಣಿನ ತಜ್ಞರಿಗೇ ತೋರಿಸಬೇಕು. ಹನಿ ಹಾಕಲು ಹೇಳಿದರೆ ಗಂಟೆ ನೋಡಿಕೊಂಡು ಹಾಕುವ ಜವಾಬ್ದಾರಿಯನ್ನು ಮನೆಯಲ್ಲಿ ಓದು ಬಲ್ಲ ಮಕ್ಕಳೇ ವಹಿಸಿಕೊಳ್ಳಬಹುದು.

ಬಾಗ್ದಾದಿನ ಕಹ್ಹಾಲರಿಗೆ ಹುಣ್ಣು ಕಂಡಿತ್ತು, ಕಾರಣ ಕಂಡಿರಲಿಲ್ಲ. ಲೇಬರ್‌ಗೆ ಕಾರಣ ಕಂಡಿತು, ಮದ್ದು ಸಿಗಲಿಲ್ಲ. ನಮಗೆ ಕಾರಣವೂ ಗೊತ್ತು, ಮದ್ದೂ ಇದೆ. ಇನ್ನು ಬೇಕಾದದ್ದು ಗಾಯವಾದ ದಿನವೇ ಆಸ್ಪತ್ರೆಗೆ ಕರೆದೊಯ್ಯುವ ಒಬ್ಬರು. ಆ ಒಬ್ಬರು ಈ ಲೇಖನ ಓದಿದ ನೀವೇ ಆಗಿರಲಿ ಎಂದು ಹಾರೈಸುತ್ತೇನೆ.